ಅಂತರಗಂಗೆಯ ಬಂಡೆ ಸಂದುಗಳಿಗೆ ಶಾಲಾ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ಶಾಲೆಯಲ್ಲಿ ಸಾಹಸ ಕ್ಲಬ್ ಶುರುವಾದ ಕೂಡಲೇ ಮೇಷ್ಟ್ರುಗಳು ಹಗ್ಗ ಕೊಳ್ಳಲು ಓಡುತ್ತಾರೆ. ಅಮೆರಿಕದ ಯೂಟಾ, ಅರಿಜೋನಾ ಮರುಭೂಮಿಯ ಕಿರಿದಾದ ಕಣಿವೆಗಳಲ್ಲಿ ಹುಡುಗರು ಹಗ್ಗ ಹಿಡಿದು ಇಳಿಯುವ ವಿಡಿಯೊ ನೋಡಿರುತ್ತಾರೆ. ಅಂಥದ್ದೇ ಮಜಾ ನಮ್ಮ ಮಕ್ಕಳಿಗೂ ಸಿಗಲಿ ಅಂತ ಒಂದು ಬಸ್ ತುಂಬ ಮಕ್ಕಳನ್ನು ಕೋಲಾರದ ಅಂತರಗಂಗೆಗೆ ಕರೆತರುತ್ತಾರೆ. ಆಸೆ ಒಳ್ಳೆಯದೇ. ಆದರೆ ನಾನು ನೋಡಿದ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಹಗ್ಗ ಬ್ಯಾಗಿನಿಂದ ಹೊರಬರುವ ಮೊದಲೇ, ಮೊದಲ ಸಂದಿನ ಬಾಯಲ್ಲೇ ಆಗಿವೆ.

ಅಲ್ಲಿಗೂ ಇಲ್ಲಿಗೂ ಇರುವ ವ್ಯತ್ಯಾಸ ಮೊದಲು ತಿಳಿದಿರಲಿ. ಅಲ್ಲಿಯದು ಮರಳುಗಲ್ಲು. ದಿಢೀರ್ ಪ್ರವಾಹಗಳು ಸಾವಿರಾರು ವರ್ಷ ಕೊರೆದು ಮಾಡಿದ ಓಣಿಗಳು ಅವು. ಅದಕ್ಕೇ ಅಲ್ಲಿ ಮಳೆ ಅಂದರೆ ಸಾವು. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟೆಲೋಪ್ ಕಣಿವೆಯಲ್ಲಿ 11 ಜನ ಕೊಚ್ಚಿಹೋದರು. ಮಳೆ ಬಿದ್ದದ್ದು ಮೈಲಿಗಟ್ಟಲೆ ದೂರದಲ್ಲಿ. ಅಂತರಗಂಗೆಯಲ್ಲಿ ನೀರು ಕೊರೆದ ಓಣಿ ಇಲ್ಲ. ಶತಶೃಂಗ ಬೆಟ್ಟದ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಕೂತು, ನಡುವೆ ಉಳಿದ ಜಾಗವನ್ನೇ ನಾವು ಗುಹೆ ಅನ್ನುತ್ತೇವೆ. ಹಾಗಾಗಿ ಇಲ್ಲಿ ಪ್ರವಾಹದ ಭಯ ಕಡಿಮೆ. ಜಾರುವ ಪಾಚಿ, ಅಲುಗಾಡುವ ಕಲ್ಲು, ಹೆಜ್ಜೇನು, ಕೋತಿ ಇವುಗಳ ಕಾಟ ಜಾಸ್ತಿ.

ತಯಾರಿ

ಹೋಗುವ ಕಾಲ ಡಿಸೆಂಬರ್‌ನಿಂದ ಫೆಬ್ರುವರಿ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಳೆ ಕೋಲಾರವನ್ನು ಬಿಡುವುದಿಲ್ಲ. ಏಪ್ರಿಲ್‌ನಲ್ಲಿ ಬಂಡೆ ಮುಟ್ಟಲಾಗುವುದಿಲ್ಲ. ಅರಣ್ಯ ಇಲಾಖೆಯನ್ನು ಮೊದಲೇ ಕೇಳಿ, ಅನುಮತಿಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಪೋಷಕರ ಒಪ್ಪಿಗೆಯೂ ಅಷ್ಟೇ, ಬರಹದಲ್ಲೇ ಇರಲಿ.

ಎಂಟು, ಒಂಬತ್ತನೇ ತರಗತಿಯ ಮಕ್ಕಳು ಸಾಕು. ಹದಿನಾರು ಜನರಿಗಿಂತ ಜಾಸ್ತಿ ಬೇಡ. ದೊಡ್ಡವರು ನಾಲ್ವರಾದರೂ ಇರಲಿ, ಅವರಲ್ಲಿ ಒಬ್ಬರು ಒಳಗಿನ ದಾರಿ ಗೊತ್ತಿರುವ ಸ್ಥಳೀಯರಾಗಿರಲೇಬೇಕು. ‘ಇನ್ನೂ ಹತ್ತು ಜನ ಬರ್ತಾರಂತೆ ಸಾರ್’ ಅಂದರೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೀರಿ ಅಂತ ಶಾಲೆಯಲ್ಲಿ ಒಬ್ಬರಿಗೆ ಬರೆದು ಕೊಡಿ. ಸುಮ್ನೆ ಹೇಳುತ್ತಿಲ್ಲ. 2003ರಲ್ಲಿ ಆರನ್ ರಾಲ್ಸ್ಟನ್ ಅನ್ನುವವರು ಯಾರಿಗೂ ಹೇಳದೆ ಯೂಟಾದ ಬ್ಲೂಜಾನ್ ಕಣಿವೆಗೆ ಒಬ್ಬರೇ ಹೋದರು. ಜಾರಿದ ಬಂಡೆಯೊಂದು ಅವರ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಐದು ದಿನ ಕಾದು, ಕೊನೆಗೆ ಕೈಯನ್ನೇ ಕತ್ತರಿಸಿಕೊಂಡು ಹೊರಬಂದರು. ಹುಡುಕಿಕೊಂಡು ಎಲ್ಲಿಗೆ ಬರಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ.

ಶೂ ವಿಷಯದಲ್ಲಿ ನನ್ನದು ಹಟ. ತಳ ಸವೆದ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ ಮಗು ದೇವಸ್ಥಾನದ ಹತ್ತಿರವೇ ಕೂರಲಿ. ಶೂ ತಳದಲ್ಲಿ ಗೀರು ಚೆನ್ನಾಗಿರಬೇಕು. ಉದ್ದ ಪ್ಯಾಂಟ್, ತುಂಬು ತೋಳಿನ ಅಂಗಿ. ಸೆಂಟ್ ಹಾಕಿಕೊಂಡು ಬರಬಾರದು, ಅದು ಹೆಜ್ಜೇನಿಗೆ ಆಗುವುದಿಲ್ಲ. ತಲೆಗೆ ಟಾರ್ಚ್, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಒಂದು ಸೀಟಿ. ಮೊಬೈಲ್ ಬೆಳಕು ಲೆಕ್ಕಕ್ಕಿಲ್ಲ, ಅದನ್ನು ಹಿಡಿಯಲು ಒಂದು ಕೈ ಹೋಗುತ್ತದೆ. ತಿಂಡಿ ಬ್ಯಾಗಿನೊಳಗೇ ಇರಲಿ. ಪ್ಲಾಸ್ಟಿಕ್ ಕವರ್ ಕೈಯಲ್ಲಿ ತೂಗಿದರೆ ಮೆಟ್ಟಿಲು ಮುಗಿಯುವುದರೊಳಗೆ ಅದು ಕೋತಿ ಪಾಲು.

ಹತ್ತುವುದು

ಕೋಲಾರ ಬಸ್ ನಿಲ್ದಾಣದಿಂದ ಬೆಟ್ಟದ ಬುಡಕ್ಕೆ ಮೂರ‍್ನಾಲ್ಕು ಕಿಲೋಮೀಟರ್. ಬೆಳಿಗ್ಗೆ ಏಳಕ್ಕೆಲ್ಲ ಮೆಟ್ಟಿಲು ಹತ್ತಿ. ಕಾಶಿ ವಿಶ್ವೇಶ್ವರನಿಗೆ ಕೈ ಮುಗಿದು, ಬಸವನ ಬಾಯಿಂದ ಬೀಳುವ ನೀರು ನೋಡಿ ಮುಂದೆ ನಡೆಯಿರಿ. ದೇವಸ್ಥಾನ ದಾಟಿದರೆ ಬಂಡೆಗಳ ದಾರಿ.

ಸಂದಿನೊಳಗೆ

ಎಲ್ಲರೂ ಕೆಡಿಸುವುದು ಇಲ್ಲೇ. ಮೇಷ್ಟ್ರು ಮುಂದೆ ನುಗ್ಗುತ್ತಾರೆ, ಮಕ್ಕಳು ಹಿಂದೆ ಮುಗಿಬೀಳುತ್ತಾರೆ. ಮೂರನೆಯವನು ಸಿಕ್ಕಿಕೊಳ್ಳುತ್ತಾನೆ, ನಾಲ್ಕನೆಯವನು ‘ಹೋಗೋ’ ಅಂತ ತಳ್ಳುತ್ತಾನೆ. ಒಳಗೊಂದು ಅಳು, ಹೊರಗೊಂದು ಗದ್ದಲ.

ಹೀಗೆ ಮಾಡಿ. ಸಂದಿನ ಬಾಯಿಂದ ಹತ್ತು ಹೆಜ್ಜೆ ಹಿಂದೆ ಎಲ್ಲರನ್ನೂ ಕೂರಿಸಿ. ನಿಲ್ಲಿಸಬೇಡಿ, ಕೂರಿಸಿ. ಕೂತ ಮಗು ನೂಕುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಡಿ. ದಾರಿ ಗೊತ್ತಿರುವವರು ಮೊದಲು ಒಳಗೆ ಹೋಗಿ ಬೆಳಕು ಹಾಕಿ ನೋಡಲಿ. ಬಾವಲಿ ಇದ್ದರೆ ಇರಲಿ, ಕಿರುಚುವುದು ಬೇಡ ಅಂತ ಮೊದಲೇ ಹೇಳಿಡಿ. ಹಾವಿನ ಸುಳಿವಿದ್ದರೆ, ಹೆಜ್ಜೇನಿನ ತಟ್ಟಿ ಕಂಡರೆ ವಾಪಸ್ ಬನ್ನಿ. ಅದರಲ್ಲಿ ಚರ್ಚೆ ಇಲ್ಲ.

ಆಮೇಲೆ ಕಲ್ಲಿನ ಪರೀಕ್ಷೆ. ದೊಡ್ಡ ಗುಂಡುಗಳು ಅಲ್ಲಾಡುವುದು ಅಪರೂಪ. ಅವುಗಳ ನಡುವೆ ಬೆಣೆ ಹೊಡೆದಂತೆ ಕೂತಿರುವ, ತಲೆಗಾತ್ರದ ಕಲ್ಲುಗಳೇ ಕೈಕೊಡುವುದು. ನೋಡಲು ಗಟ್ಟಿಯಾಗೇ ಕಾಣುತ್ತವೆ. ಕಾಲಿನಿಂದ ಒಮ್ಮೆ ಒತ್ತಿ. ‘ಟಕ್’ ಅಂದರೆ ಅದು ಹಿಡಿಯುವ ಕಲ್ಲಲ್ಲ. ಸೀಮೆಸುಣ್ಣದಲ್ಲಿ ಅದರ ಮೇಲೆ ಒಂದು ಅಡ್ಡಗೆರೆ ಎಳೆದು ಮುಂದೆ ಹೋಗಿ. ಬಣ್ಣದ ಡಬ್ಬ ತರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಬಂಡೆಗಳ ಮೇಲೆ ಪ್ರೇಮಿಗಳ ಹೆಸರೇ ಬೇಕಾದಷ್ಟಿವೆ.

ಈಗ ಮಗು ಒಳಗೆ ಬರಬಹುದು. ಅದಕ್ಕೂ ಮುಂಚೆ ಬ್ಯಾಗ್ ಕಳಚಿಸಿ, ಕೈಯಿಂದ ಕೈಗೆ ಮುಂದೆ ದಾಟಿಸಿ. ಜೇಬು ಖಾಲಿ ಮಾಡಿಸಿ. ಬೆಲ್ಟು ಬಿಚ್ಚಿಸಿ, ಅದರ ಬಕಲ್ ಬಂಡೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಅಡ್ಡ ಸಂದಾದರೆ ತಲೆ ಮುಂದೆ. ಒಂದು ಕೈ ಮುಂದಕ್ಕೆ ಚಾಚಬೇಕು, ಇನ್ನೊಂದು ಮೈಗೆ ಅಂಟಿಕೊಂಡಿರಬೇಕು. ಆಗ ಭುಜ ಓರೆಯಾಗಿ, ಮೈಯ ಅಗಲ ಕಡಿಮೆಯಾಗುತ್ತದೆ. ಎರಡೂ ಕೈ ಮೈ ಪಕ್ಕದಲ್ಲೇ ಇದ್ದರೆ ಸಿಕ್ಕಿಕೊಂಡಾಗ ಎಳೆದುಕೊಳ್ಳಲು ಕೈಯೇ ಇರುವುದಿಲ್ಲ. ಇಳಿಯುವ ಸಂದಾದರೆ ಕಾಲು ಮುಂದೆ, ಹೊಟ್ಟೆ ಬಂಡೆಯ ಕಡೆಗೆ.

ಸಿಕ್ಕಿಕೊಂಡರೆ? ಹೆದರಿದ ಮಗು ಜೋರಾಗಿ ಉಸಿರು ಎಳೆದುಕೊಳ್ಳುತ್ತದೆ. ಎದೆ ಉಬ್ಬುತ್ತದೆ, ಇನ್ನೂ ಬಿಗಿಯಾಗುತ್ತದೆ. ಆಗ ಎಳೆಯಬೇಡಿ. ಅದರ ಕೈ ಹಿಡಿದುಕೊಂಡು, ಕಣ್ಣಿಗೆ ಹೊಡೆಯದಂತೆ ಟಾರ್ಚ್ ತಗ್ಗಿಸಿ, ಏನಾದರೂ ಮಾತಾಡಿಸಿ. ‘ಬೆಳಿಗ್ಗೆ ಮನೆಯಲ್ಲಿ ಏನು ತಿಂಡಿ?’ ಅಂದರೂ ಸಾಕು. ಉಸಿರು ಹದಕ್ಕೆ ಬಂದ ಮೇಲೆ ಪೂರ್ತಿ ಹೊರಗೆ ಬಿಡಲು ಹೇಳಿ. ಉಸಿರು ಬಿಟ್ಟಾಗ ಎರಡು ಬೆರಳಿನಷ್ಟು ಮುಂದೆ, ಮತ್ತೆ ನಿಂತು ಉಸಿರು. ಹಿಂದಕ್ಕೆ ಬರುವುದು ಸುಲಭವಾಗಿದ್ದರೆ ಹಿಂದಕ್ಕೇ ಬರಲಿ.

ದಪ್ಪಗಿರುವ ಮಗುವನ್ನು ‘ನೀನು ಆಗಲ್ಲ ಬಿಡು’ ಅಂತ ಎಲ್ಲರ ಮುಂದೆ ಅನ್ನುವ ಮೇಷ್ಟ್ರಿಗೆ ಈ ಕ್ಲಬ್ ಬೇಡ. ಸಂದಿಗೆ ಸುತ್ತುದಾರಿ ಎಲ್ಲಿದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ‘ಯಾರಿಗೆ ಹೊರಗಿನ ದಾರಿ ಬೇಕು?’ ಅಂತ ಎಲ್ಲರಿಗೂ ಒಟ್ಟಿಗೆ ಕೇಳಿ. ಕೈ ಎತ್ತಿದವರ ಜೊತೆ ದೊಡ್ಡವರೊಬ್ಬರು ಹೋಗಲಿ.

ಹೊರಗೆ ಬಂದ ಮಗು ತನ್ನ ನಂಬರ್ ಕೂಗಬೇಕು. ‘ಏಳು, ಬಂದೆ!’ ಆ ಕೂಗು ಕೇಳುವವರೆಗೆ ಎಂಟು ಎದ್ದೇಳುವಂತಿಲ್ಲ. ನಿಧಾನ, ನಿಜ. ಆದರೆ ಹಿಂದಿನವನ ಕಾಲಿನಿಂದ ಜಾರಿದ ಕಲ್ಲು ಮುಂದಿನವನ ತಲೆಗೆ ಬೀಳುವುದಿಲ್ಲ. ಕೊನೆಗೆ ಬರುವುದು ದೊಡ್ಡವರು.

ನೇರ ಸೀಳಿನಲ್ಲಿ ಇಳಿಯುವುದಾದರೆ ಬೆನ್ನು ಒಂದು ಬಂಡೆಗೆ, ಎರಡೂ ಪಾದ ಎದುರಿನ ಬಂಡೆಗೆ ಒತ್ತಿ, ಗೇಣು ಗೇಣಾಗಿ ಜಾರಿ. ಮಂಡಿ ಉಪಯೋಗಿಸಲು ಬಿಡಬೇಡಿ. ಮಡಿಸಿದ ಮಂಡಿ ಸೀಳಿನಲ್ಲಿ ಸುಲಭವಾಗಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಇದನ್ನು ಮೊದಲು ನೆಲದಿಂದ ಮೂರಡಿ ಎತ್ತರದಲ್ಲಿ ಆಡಿಸಿ ಕಲಿಸಿ.

ಹಗ್ಗ

ಹಗ್ಗದ ಇಳಿತ ಬೇಕೇ ಬೇಕು ಅಂದರೆ ತರಬೇತಾದವರನ್ನು ಕರೆಸಿ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಕಲಿತವರು ನಮ್ಮ ಕಡೆ ಸಿಗುತ್ತಾರೆ. ಯೂಟ್ಯೂಬ್‌ನಲ್ಲಿ ಕಲಿತ ಪಿ.ಟಿ. ಮೇಷ್ಟ್ರು ಬೇಡ. ಆದರೂ ನೀವು ನೋಡಬೇಕಾದ್ದು ಕೆಲವಿವೆ.

ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ ಲಗೇಜ್ ಕಟ್ಟಲಿಕ್ಕೆ. ಇಳಿಯಲು ಬೇಕಾದ್ದು ಹೆಚ್ಚು ಹಿಗ್ಗದ, ಹತ್ತು ಹನ್ನೊಂದು ಮಿಲಿಮೀಟರ್ ದಪ್ಪದ ಸ್ಟ್ಯಾಟಿಕ್ ಹಗ್ಗ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬಣ್ಣಬಣ್ಣದ ಕ್ಯಾರಬೈನರ್ (ಹಗ್ಗಕ್ಕೆ ಸಿಕ್ಕಿಸುವ ಲೋಹದ ಕೊಂಡಿ) ಕೀಚೈನ್‌ಗೆ ಸರಿ. ಹೆಲ್ಮೆಟ್ ಬಂಡೆ ಹತ್ತುವವರದ್ದೇ ಆಗಬೇಕು, ಬೈಕಿನದ್ದಲ್ಲ. ಮಕ್ಕಳಿಗೆ ಇಳಿಯುವ ಹಗ್ಗದ ಜೊತೆ ಮೇಲಿಂದ ಹಿಡಿಯುವ ಇನ್ನೊಂದು ಹಗ್ಗ ಬೇಕೇಬೇಕು. ಮಗು ಕೈ ಬಿಟ್ಟರೂ ಅದು ತಡೆಯುತ್ತದೆ. ಹಗ್ಗದ ಕೊನೆಗೆ ಗಂಟು ಇದೆಯಾ ಅಂತ ನೀವೇ ಕೈಯಿಂದ ಮುಟ್ಟಿ ನೋಡಿ.

ಜಡೆ, ವೇಲ್, ಸಡಿಲ ಅಂಗಿಯ ತುದಿ ಇವನ್ನೆಲ್ಲ ಒಳಗೆ ಸೇರಿಸಿಸಿ. ಹಗ್ಗ ಹಾಯುವ ‘ಎಂಟು’ ಆಕಾರದ ಲೋಹದೊಳಗೆ ಕೂದಲು ಒಮ್ಮೆ ಎಳೆದುಕೊಂಡಿತೋ, ಮಗು ಅರ್ಧದಲ್ಲಿ ನೇತಾಡುತ್ತಾ ನಿಲ್ಲುತ್ತದೆ. ಮೈಭಾರದಿಂದಾಗಿ ಬಿಡಿಸಿಕೊಳ್ಳಲೂ ಆಗುವುದಿಲ್ಲ.

ವಾಪಸ್

ಹನ್ನೊಂದರೊಳಗೆ ಬಂಡೆ ಬಿಡಿ, ಮೋಡ ಕಟ್ಟಿದರೆ ಅದಕ್ಕೂ ಮುಂಚೆ. ನೆರಳು ನೋಡಿ ಪುಳಿಯೋಗರೆ, ಸೌತೆಕಾಯಿ. ಬಸ್ ಹತ್ತುವ ಮುಂಚೆ ನಂಬರ್ ಕೂಗಿಸಿ. ಪೆಟ್ಟಾದರೆ 108, ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಹತ್ತಿರದಲ್ಲೇ ಇದೆ.

ನಿಮ್ಮದೇ ಹಗ್ಗವಾದರೆ ಸೋಪಿನ ಪುಡಿ ಹಾಕದೆ ಬರೀ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಕೊಂಡ ವರ್ಷವನ್ನು ಅದಕ್ಕೊಂದು ಚೀಟಿ ಕಟ್ಟಿ ಬರೆದಿಡಿ. ಹತ್ತು ವರ್ಷವಾಗಿದ್ದರೆ, ಒಂದು ದಿನವೂ ಬಳಸದಿದ್ದರೂ, ಅದನ್ನು ತುಂಡು ತುಂಡು ಮಾಡಿ ಬಿಸಾಡಿ. ಇಡಿಯಾಗಿ ಬಿಟ್ಟರೆ ಮುಂದಿನ ವರ್ಷ ಬರುವ ಮೇಷ್ಟ್ರು ಸ್ಟೋರ್ ರೂಮಿನಿಂದ ಅದನ್ನೇ ಎತ್ತಿಕೊಂಡು ಬೆಟ್ಟಕ್ಕೆ ಹೊರಡುತ್ತಾರೆ.