‘ಏನೂ ನೆನಪಿಲ್ರಿ’ ಅಂದವರ ಎದುರು ಕೂತು

"ಏನೂ ನೆನಪಿಲ್ರಿ ಸರ." ಬೈಲಹೊಂಗಲ ಕಡೆಯ ರೈತ ತಲೆ ತಗ್ಗಿಸಿದ. ಬದುವಿನ ಜಗಳದಲ್ಲಿ ಅಣ್ಣನಿಗೆ ಕೊಡಲಿ ಬೀಸಿದ ಆರೋಪ. ಜೊತೆಗೆ ಬಂದ ಪೊಲೀಸಪ್ಪ ಬಾಗಿಲಲ್ಲೇ ನಕ್ಕ. "ಎಲ್ಲಾರೂ ಹಿಂಗ ಅಂತಾರ್ರಿ."

ಎಲ್ಲರೂ ಅನ್ನೋದಿಲ್ಲ. ಆದರೆ ಅನ್ನುವವರು ಕಡಿಮೆಯೂ ಇಲ್ಲ.

ಬೆಳಗಾವಿಯಲ್ಲಿ ಸೈಕಾಲಜಿಸ್ಟ್ ಆಗಿರುವ ನಾನು ಮೊದಲು ಘಟನೆಯ ಸುದ್ದಿಯನ್ನೇ ಎತ್ತುವುದಿಲ್ಲ. ಅವತ್ತು ಬೆಳಿಗ್ಗೆ ಏನು ತಿಂದ, ಎಷ್ಟೊತ್ತಿಗೆ ಕುಡಿಯಲು ಕೂತ, ಅಲ್ಲಿಂದ ಶುರು. ಕುಡಿತದಲ್ಲಿ ಹೋದ ನೆನಪು ಹೆಚ್ಚಾಗಿ ಇಲಿ ಕಡಿದ ಬಟ್ಟೆಯ ಹಾಗಿರುತ್ತದೆ. ಈತನಿಗೆ ಗೋವಿನಜೋಳದ ಹೊಲದಲ್ಲಿ ಒಂದು ಚಪ್ಪಲಿ ಕಳೆದದ್ದು ಗೊತ್ತು. ಯಾರೋ ಹೆಂಗಸು ಚೀರಿದ್ದು ಗೊತ್ತು. ನಡುವಿನದು ಇಲ್ಲ. ಆ ಹೊತ್ತಿನಲ್ಲಿ ಮಿದುಳು ಅದನ್ನು ಬರೆದಿಟ್ಟುಕೊಂಡೇ ಇರುವುದಿಲ್ಲ, ಆಮೇಲೆ ಎಷ್ಟು ಕೆದಕಿದರೂ ಸಿಗದು. ನಾಟಕ ಮಾಡುವವರ ಕತೆಯಲ್ಲಿ ಮೊದಲ ಏಟಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ, ಪೊಲೀಸ್ ಜೀಪು ಬಂದ ಕೂಡಲೇ ಬರುತ್ತದೆ!

ಇಷ್ಟರ ಮೇಲೇ ತೀರ್ಮಾನ ಮಾಡುವ ಹಾಗಿಲ್ಲ. ಪಂಚನಾಮೆ ಓದಿ ಇಪ್ಪತ್ತು ಪ್ರಶ್ನೆ ಮಾಡುತ್ತೇನೆ, ಒಂದೊಂದಕ್ಕೂ ಎರಡೇ ಉತ್ತರ. ಗೊತ್ತಿಲ್ಲದಿದ್ದರೂ ಒಂದನ್ನು ಹೇಳಲೇಬೇಕು. ನಿಜವಾಗಿ ಮರೆತವರಿಗೆ ಹತ್ತರ ಆಸುಪಾಸು ಸರಿ ಬರುತ್ತದೆ, ನಾಣ್ಯ ಚಿಮ್ಮಿದ ಹಾಗೆ. ಬರೀ ಮೂರು ಬಂತು ಅನ್ನಿ. ಸುಮ್ನೆ ಊಹೆ ಮಾಡಿದರೆ ಅಷ್ಟು ಕಡಿಮೆ ಬರುವುದು ಸಾವಿರಕ್ಕೆ ಒಂದು ಸಲ. ಸರಿ ಉತ್ತರ ಗೊತ್ತಿದ್ದೇ ತಪ್ಪಿಸಿದ್ದಾರೆ ಅಂತ ಅರ್ಥ, ಅಲ್ವಾ?

ಪ್ರಶ್ನೆ ಮಾಡುವುದೇ ಕಷ್ಟ. ಮೊದಮೊದಲು ನಾನು "ಹೊಡೆದದ್ದು ಕೊಡಲಿಯಲ್ಲೋ, ಪಿಸ್ತೂಲಲ್ಲೋ?" ಅಂತ ಬರೆದಿದ್ದೆ. ಬದುವಿನ ಜಗಳಕ್ಕೆ ಪಿಸ್ತೂಲು ಯಾರು ತರ್ತಾರೆ? ಈಗ ಕೊಡಲಿಯ ಕಾವಿಗೆ ಸುತ್ತಿದ ಬಟ್ಟೆ ಕೆಂಪೋ ನೀಲಿಯೋ ಅಂತ ಕೇಳುತ್ತೇನೆ. ಹೆಸರು, ಊರು ಹೇಳದೆ ಮೊದಲು ನಮ್ಮ ಆಯಾಗೆ ಕೇಳಿ ನೋಡುತ್ತೇನೆ. ಅವಳಿಗೆ ಹದಿನೈದು ಸರಿ ಬಂದರೆ ಪ್ರಶ್ನೆ ಕೆಟ್ಟಿವೆ ಅಂತಲೇ. ಪೊಲೀಸರು, ವಕೀಲರು ಆರೋಪಿಗೆ ಆಗಲೇ ಹೇಳಿಬಿಟ್ಟಿರುವ ವಿವರವನ್ನೂ ತೆಗೆಯಬೇಕು.

ಈತನಿಗೆ ಹನ್ನೊಂದು ಬಂತು. ವಕೀಲರಿಗೆ ಖುಷಿ. "ಹಂಗಾದ್ರ ಬಿಡುಗಡೆ ಆಗ್ತದಲ್ರಿ?"

ಈಗ ಮರೆತಿರುವುದು ಬೇರೆ, ಹೊಡೆಯುವಾಗ ಅರಿವಿತ್ತೇ ಅನ್ನೋದು ಬೇರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 23ನೇ ಕಲಂ ರಕ್ಷಣೆ ಕೊಡುವುದು ಗೊತ್ತಿಲ್ಲದೆಯೋ ಬಲವಂತವಾಗಿಯೋ ಅಮಲು ಏರಿಸಿದ್ದರೆ, ಆ ಅಮಲಿನಲ್ಲಿ ತಾನೇನು ಮಾಡುತ್ತಿದ್ದೇನೆಂಬುದೋ, ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂಬುದೋ ತಿಳಿಯಲಾಗದಿದ್ದರೆ ಮಾತ್ರ. ಅದಕ್ಕೇ ಕೊನೆಗೆ ಒಂದು ಕೇಳಿದೆ: ಅವತ್ತು ಯಾರು ಕುಡಿಸಿದ್ರು?

"ಯಾರ ಕುಡಸ್ತಾರ್ರಿ ಸರ. ನಾನ ರೊಕ್ಕಾ ಕೊಟ್ಟು ತಂದಿದ್ನಿ."

ಅದನ್ನೂ ಬರೆದುಕೊಂಡೆ.