ಫ್ಲಾಟ್‌ವೌಂಡೋ ರೌಂಡ್‌ವೌಂಡೋ: ಬೇಸ್ ಗಿಟಾರಿಗೆ ನಾನು ತಂತಿ ಆರಿಸುವ ಬಗೆ

ಬೇಸ್ ಗಿಟಾರಿನ ತಂತಿ ಆರಿಸುವಾಗ ಬಹಳ ಮಂದಿ ಮೊದಲು ನೋಡುವುದು ನಾದ. ನಾನು ಮೊದಲು ನೋಡುವುದು ಬಿಗಿತ. ರೌಂಡ್‌ವೌಂಡ್ (ದುಂಡು ಸುತ್ತಿನ ತಂತಿ) ಬಿಚ್ಚಿ ಅದೇ ದಪ್ಪದ ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನದು) ಹಾಕಿದರೆ ನೆಕ್, ಅಂದರೆ ಬೇಸ್‌ನ ಕತ್ತು, ಮುಂದಕ್ಕೆ ಬಾಗುತ್ತದೆ, ತಂತಿ ಮೇಲೇಳುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಮೆಟ್ಟಿಲುಗಳಲ್ಲಿ) ಶ್ರುತಿ ತಪ್ಪುತ್ತದೆ. ಸೆಟಪ್ (ನೆಕ್‌ನ ಬಾಗು, ತಂತಿಯ ಎತ್ತರದ ಹೊಂದಿಕೆ) ಮುಟ್ಟದೆ ನಾಲ್ಕು ದಿನ ನುಡಿಸಿ, ಫ್ಲಾಟ್ ಕೈಗೆ ಕೂರಲಿಲ್ಲ ಎಂದು ಕಳಚಿಡುವವರು ತುಂಬ ಇದ್ದಾರೆ. ಅವರ ತೊಂದರೆಯಲ್ಲಿ ಹೆಚ್ಚಿನ ಪಾಲು ಟ್ರಸ್ ರಾಡ್‌ನದು, ಅಂದರೆ ನೆಕ್‌ನೊಳಗಿದ್ದು ಅದರ ಬಾಗು ಹಿಡಿದಿಡುವ ಲೋಹದ ಸರಳಿನದು.

ಕಾರಣ ಸರಳ. ಎರಡರಲ್ಲೂ ಒಳಗೆ ಉಕ್ಕಿನ ತಂತಿ, ಅದರ ಮೇಲೆ ಸುತ್ತು. ರೌಂಡ್‌ವೌಂಡ್‌ನ ಹೊರಸುತ್ತು ದುಂಡು ತಂತಿಯದು, ಹಾಗಾಗಿ ಸುತ್ತುಗಳ ನಡುವೆ ಸಣ್ಣ ಸಂದು ಉಳಿಯುತ್ತದೆ. ಫ್ಲಾಟ್‌ವೌಂಡ್‌ನದು ಚಪ್ಪಟೆ ಪಟ್ಟಿ, ಸಂದೇ ಇಲ್ಲದಂತೆ ಕೂರುತ್ತದೆ. ಅಷ್ಟೇ ದಪ್ಪದಲ್ಲಿ ಲೋಹ ಹೆಚ್ಚು, ತೂಕ ಹೆಚ್ಚು. ಅದೇ ಸ್ವರಕ್ಕೆ ಏರಿಸಲು ಬಿಗಿತವೂ ಹೆಚ್ಚು ಬೇಕು. ಇದಕ್ಕೆ ಹೊರತಾದದ್ದು ಥೊಮಾಸ್ಟಿಕ್ ಇನ್‌ಫೆಲ್ಡ್‌ನ ಜಾಝ್ ಫ್ಲಾಟ್ಸ್, 43-56-70-100 (ನಾಲ್ಕು ತಂತಿಗಳ ದಪ್ಪ, ಇಂಚಿನ ಸಾವಿರದ ಪಾಲಿನ ಲೆಕ್ಕದಲ್ಲಿ). ಅದು ಹಲವು ರೌಂಡ್‌ವೌಂಡ್‌ಗಳಿಗಿಂತ ಮೆತ್ತಗೆ. ಫ್ಲಾಟ್ ಬೇಕು, ಬೆರಳಿಗೆ ನೋವು ಬೇಡ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಬೆಲೆ ಮಾತ್ರ ಜಾಸ್ತಿ.

ನನ್ನ ಫೆಂಡರ್ ಪ್ರಿಸಿಷನ್ ಮಾದರಿಯ ಬೇಸ್‌ನಲ್ಲಿ ಇರುವುದು ಡಿ'ಅಡಾರಿಯೊ ಕ್ರೋಮ್ಸ್ ಎಂಬ ಫ್ಲಾಟ್‌ವೌಂಡ್, 45-65-80-100. ಜಾಝ್ ಬೇಸ್ ಮಾದರಿಯದರಲ್ಲಿ ಅದೇ ದಪ್ಪದ, ನಿಕಲ್ ಲೇಪದ ರೌಂಡ್‌ವೌಂಡ್. ದಪ್ಪ ಒಂದೇ ಇಟ್ಟಿದ್ದು ಬೇಕೆಂದೇ, ನಟ್‌ನ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ತೋಡುಗಳನ್ನು ಅರ ಹಾಕಿ ಅಗಲಿಸುವ ಗೋಜು ಬೇಡವೆಂದು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹಾಕುತ್ತಿದ್ದ ಲಾ ಬೆಲ್ಲಾ 52-110 ಸೆಟ್ಟು ಬೇಕಾದರೆ ನಟ್ ಕೆಲಸ ಖಚಿತ. ಕಿರಿದಾದ ತೋಡಿನಲ್ಲಿ ದಪ್ಪ ತಂತಿ ಸಿಕ್ಕಿಕೊಂಡು, ಟ್ಯೂನ್ ಮಾಡುವಾಗ ಟಿಕ್ ಎಂದು ಸದ್ದಾಗಿ ಶ್ರುತಿ ಹಾರುತ್ತದೆ.

ತಂತಿ ಬಿಚ್ಚುವ ಮೊದಲು ಹಳೆಯ ಅಳತೆ ಬರೆದುಕೊಳ್ಳಿ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, 'ಇ' ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪನೆಯದನ್ನು, ಕೊನೆಯ ಫ್ರೆಟ್‌ನಲ್ಲಿ ಒತ್ತಿ, ಎಂಟನೆಯ ಫ್ರೆಟ್‌ನ ಮೇಲಿನ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳಿಂದ) ಅಳೆಯಿರಿ. ನನಗೆ ಬೇಕಾದದ್ದು 0.3 ಮಿ.ಮೀ. ಹದಿನೇಳನೆಯ ಫ್ರೆಟ್‌ನಲ್ಲಿ ತಂತಿಯ ಎತ್ತರ 'ಇ'ಗೆ 2.4, ಎಲ್ಲಕ್ಕಿಂತ ತೆಳ್ಳನೆಯ 'ಜಿ'ಗೆ 2 ಮಿ.ಮೀ. ಕ್ರೋಮ್ಸ್ ಹಾಕಿ ಒಂದು ರಾತ್ರಿ ಬಿಟ್ಟು ನೋಡಿದಾಗ ಸಂದು 0.5ರ ಹತ್ತಿರ ಹೋಗಿತ್ತು. ತಂತಿ ಸ್ವಲ್ಪ ಸಡಿಲಿಸಿ ಟ್ರಸ್ ರಾಡನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದೆ, ಮತ್ತೆ ಶ್ರುತಿಗೆ ತಂದು ಅಳೆದೆ. ಒಂದೇ ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮರ ನಿಧಾನ, ಮರುದಿನವೂ ಸ್ವಲ್ಪ ಸರಿಯುತ್ತದೆ. ಫ್ಲಾಟ್‌ನಿಂದ ರೌಂಡ್‌ಗೆ ಮರಳುವಾಗ ಇದೆಲ್ಲ ತಿರುಗುಮುರುಗು: ನೆಕ್ ಹಿಂದಕ್ಕೆ ಹೋಗಿ ಮೊದಲ ಐದು ಫ್ರೆಟ್‌ಗಳಲ್ಲಿ ಜರ್ರೆನ್ನುತ್ತದೆ, ಆಗ ರಾಡ್ ಸಡಿಲಿಸಬೇಕು. ಕೊನೆಗೆ ಶ್ರುತಿ: ಹನ್ನೆರಡನೆಯ ಫ್ರೆಟ್‌ನ ಹಾರ್ಮೋನಿಕ್‌ಗಿಂತ (ಬೆರಳನ್ನು ಒತ್ತದೆ ಬರೀ ತಾಗಿಸಿ ನುಡಿಸಿದ ಸ್ವರಕ್ಕಿಂತ) ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು, ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಫ್ಲಾಟ್ ಸೆಟ್ಟು ಹಾಳಾಗುವುದು ಹೆಚ್ಚಾಗಿ ಕತ್ತರಿಸುವಾಗಲೇ. ಟ್ಯೂನರ್ ಕಂಬದಿಂದ (ತಂತಿಯ ತುದಿ ಸುತ್ತಿಕೊಳ್ಳುವ ಕೀಲಿನಿಂದ) ಸುಮಾರು 10 ಸೆಂ.ಮೀ. ಬಿಟ್ಟು, ಮೊದಲು ತಂತಿಯನ್ನು ಲಂಬಕ್ಕೆ ಮಡಚಿ, ಮಡಿಕೆಯ ಆಚೆ ಕತ್ತರಿಸಬೇಕು. ಮಡಚದೆ ಕತ್ತರಿಸಿದರೆ ಚಪ್ಪಟೆ ಪಟ್ಟಿ ಸಡಿಲಗೊಂಡು ಸುತ್ತು ಜಾರುತ್ತದೆ, ಆ ತಂತಿ ಮತ್ತೆ ನುಡಿಯುವುದಿಲ್ಲ. ಕಂಬಕ್ಕೆ ಸುತ್ತಿಕೊಳ್ಳುವುದು ತಂತಿಯ ತುದಿಯಲ್ಲಿ ರೇಷ್ಮೆ ನೂಲು ಸುತ್ತಿದ ಭಾಗ, ದಪ್ಪ ಭಾಗವಲ್ಲ. ಹಾಗೆಯೇ ಆ ನೂಲು ನಟ್ ದಾಟಿ ಒಳಗೆ ಬರಲೂ ಬಾರದು. ಅದಕ್ಕೇ ಕೊಳ್ಳುವಾಗ 34 ಇಂಚಿನ ಲಾಂಗ್ ಸ್ಕೇಲ್ (ನಟ್‌ನಿಂದ ಸ್ಯಾಡಲ್‌ವರೆಗಿನ ಉದ್ದ) ಹೌದೋ ಅಲ್ಲವೋ ನೋಡಿ. ಬೇಸ್‌ನ ಬೆನ್ನಿನಿಂದ ತೂರಿಸುವ ಬ್ರಿಡ್ಜ್ ಇದ್ದರೆ ಫ್ಲಾಟ್‌ಗಳನ್ನು ಮೇಲಿನಿಂದಲೇ ಹಾಕುತ್ತೇನೆ. ಸ್ಯಾಡಲ್ ಮೇಲಿನ ಚೂಪು ತಿರುವು ಅವಕ್ಕೆ ಒಗ್ಗುವುದಿಲ್ಲ.

ಇನ್ನು ನಾದ. ಹೊಸ ಕ್ರೋಮ್ಸ್ ಫ್ಲಾಟ್‌ಗಳಲ್ಲೇ ಹೊಳಪಿನ ಜಾತಿ. ಮೊದಲ ಎರಡು ವಾರ ಲೋಹದ ಸದ್ದು ಇರುತ್ತದೆ, ಆಮೇಲೆ ತಗ್ಗುತ್ತದೆ. ಅಷ್ಟರವರೆಗೆ ತೀರ್ಪು ಕೊಡಬೇಡಿ. ಸ್ವರದ ಆರಂಭ ಗಟ್ಟಿ, ಬಾಲ ಗಿಡ್ಡ, ಕಿಕ್ ಡ್ರಮ್ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಸ್ಲ್ಯಾಪ್‌ಗೆ, ಅಂದರೆ ಹೆಬ್ಬೆರಳಿನಿಂದ ತಂತಿ ಬಡಿದು ನುಡಿಸಲು, ರೌಂಡ್‌ವೌಂಡ್ ಬೇಕೇ ಬೇಕು. ಆದರೆ ಫ್ಲಾಟ್ ಎಂದರೆ ಮಂಕು ಎಂಬುದನ್ನು ನಾನು ಒಪ್ಪುವುದಿಲ್ಲ: ಐರನ್ ಮೇಡನ್ ಎಂಬ ಹೆವಿ ಮೆಟಲ್ ಬ್ಯಾಂಡಿನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ನುಡಿಸುವುದು ರೋಟೊಸೌಂಡ್ ಫ್ಲಾಟ್‌ಗಳನ್ನೇ. 1966ರಲ್ಲಿ ದಿ ಹೂ ಬ್ಯಾಂಡಿನ ಬೇಸ್ ವಾದಕ ಜಾನ್ ಎಂಟ್ವಿಸಲ್‌ಗಾಗಿ ರೌಂಡ್‌ವೌಂಡ್ ಮಾಡಿಕೊಟ್ಟದ್ದೂ ಅದೇ ಕಂಪನಿ.

ನಮ್ಮ ರಾಗಗಳನ್ನು ಬೇಸ್‌ನಲ್ಲಿ ನುಡಿಸುವವರಿಗೆ ಒಂದು ಮಾತು. ಜಾರು ಬೇಕಾದಲ್ಲಿ ಫ್ಲಾಟ್ ಬಹಳ ಸುಖ, ಬೆರಳು ಸರಿಯುವ ಕೀಚಲು ಮೈಕ್‌ಗೆ ಬೀಳುವುದಿಲ್ಲ. ತಂತಿಯನ್ನು ಅಡ್ಡ ಎಳೆದು ಗಮಕ ತೆಗೆಯುವವರಿಗೆ ಬಿಗಿಯಾದ ಫ್ಲಾಟ್ ಕಷ್ಟ. ಅವರು ಹಗುರ ರೌಂಡ್‌ವೌಂಡನ್ನೋ ಆ ಥೊಮಾಸ್ಟಿಕ್ಕನ್ನೋ ನೋಡಲಿ. ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ ಬೇಸ್) ಆದರೆ ಸ್ಟೇನ್‌ಲೆಸ್ ಸ್ಟೀಲ್ ರೌಂಡ್‌ವೌಂಡ್ ಬೆರಳೊತ್ತುವ ರೋಸ್‌ವುಡ್ ಹಲಗೆಯನ್ನು ಗೀರಿ ತಿನ್ನುತ್ತದೆ. ಜಾಝ್ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ ಫ್ರೆಟ್‌ಲೆಸ್ ಹಲಗೆಗೆ ಗಟ್ಟಿಯಾಗುವ ಎಪಾಕ್ಸಿ ರಾಳ ಬಳಿದಿದ್ದರು. ಹಾಗೆ ಬಳಿಯುವ ಮನಸ್ಸಿಲ್ಲದಿದ್ದರೆ ಫ್ಲಾಟ್ ಹಾಕಿ.

ಬಾಳಿಕೆಯಲ್ಲಿ ಫ್ಲಾಟ್ ಗೆಲ್ಲುತ್ತದೆ. ಬೆವರು, ಚರ್ಮದ ಹುಡಿ ಸೇರಿಕೊಳ್ಳಲು ಅದರಲ್ಲಿ ಸಂದಿಲ್ಲ. ನನ್ನ ರೌಂಡ್‌ವೌಂಡ್‌ನ ನಾದದ ಹೊಳಪು ಮಳೆಗಾಲದಲ್ಲಿ ಮೂರು ನಾಲ್ಕು ವಾರ. ಕರಾವಳಿಯ ಸೆಕೆಯಲ್ಲಿ ಇನ್ನೂ ಕಡಿಮೆ. ರೌಂಡ್‌ವೌಂಡನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿ ಒಣಗಿಸಿದರೆ ಹೊಳಪು ಮರಳುತ್ತದೆ, ಕೆಲವೇ ದಿನಕ್ಕೆ. ಫ್ಲಾಟನ್ನು ಕುದಿಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬಿಚ್ಚಿದ ಫ್ಲಾಟ್ ಸೆಟ್ಟನ್ನು ದೊಡ್ಡ ಸುರುಳಿಯಾಗಿ ಸುತ್ತಿ, ಯಾವ ಬೇಸ್‌ಗೆ ಕತ್ತರಿಸಿದ್ದೆಂದು ಚೀಟಿ ಬರೆದಿಡಿ. ನಾಲ್ಕು ಟ್ಯೂನರ್ ಒಂದೇ ಬದಿಯಲ್ಲಿರುವ ತಲೆಗೆ ಕತ್ತರಿಸಿದ್ದು, ಬದಿಗೆರಡರಂತೆ ಟ್ಯೂನರ್ ಇರುವ ತಲೆಗೆ ಸರಿಹೊಂದುವುದಿಲ್ಲ. ಬೆನ್ನಿನಿಂದ ತೂರಿಸುವ ಬೇಸ್‌ಗಂತೂ ಗಿಡ್ಡವಾಗಿ ಕಂಬವನ್ನೇ ಮುಟ್ಟದೆ ಹೋಗಬಹುದು.