ಮಣಿಕರಣ್, ವಶಿಷ್ಠದ ಬಿಸಿನೀರ ಕುಂಡಕ್ಕೆ ಇಳಿಯುವ ಮುನ್ನ: ಕರಾವಳಿಯವರಿಗೆ

ಮಂಗಳೂರು, ಉಡುಪಿಯಿಂದ ಕುಲು-ಮನಾಲಿಗೆ ಹೋಗುವವರು ಬಿಸಿನೀರಿನ ಬುಗ್ಗೆಗೆ ಒಂದರ್ಧ ದಿನವನ್ನಾದರೂ ಇಟ್ಟುಕೊಳ್ಳುತ್ತಾರೆ. ಹೆಚ್ಚಿನವರಿಗೆ ಎಡವಟ್ಟಾಗುವುದು ಕುಂಡವನ್ನು ಮನೆಯ ಬಚ್ಚಲಿನಂತೆ ಬಳಸಲು ಹೋಗುವುದರಿಂದ. ಹಂಡೆಯ ನೀರನ್ನು ಮೈಮೇಲೆ ಹೊಯ್ದುಕೊಂಡರೆ ಅದು ಹರಿದುಹೋಗುತ್ತದೆ, ಮೈಗೆ ಗಾಳಿ ತಾಗುತ್ತದೆ. ಕುಂಡದಲ್ಲಿ ಕುತ್ತಿಗೆವರೆಗೆ ಕೂತರೆ ಬೆವರು ಆರುವ ದಾರಿಯೇ ಇಲ್ಲ. ಒಳಗಿನ ಬಿಸಿ ಏರುತ್ತಲೇ ಹೋಗುತ್ತದೆ, ಕೂತವರಿಗೆ ಮಾತ್ರ ಹಿತವಾಗಿಯೇ ಇರುತ್ತದೆ.

ಎರಡು ಜಾಗಗಳೂ ಒಂದೇ ಬಗೆಯವಲ್ಲ. ಪಾರ್ವತಿ ಕಣಿವೆಯ ಮಣಿಕರಣ್‌ನಲ್ಲಿ ಬುಗ್ಗೆಯ ನೀರು ಹೆಚ್ಚುಕಡಿಮೆ ಕುದಿಯುತ್ತಿರುತ್ತದೆ. ಗುರುದ್ವಾರದ ಲಂಗರಿನ (ಎಲ್ಲರಿಗೂ ಊಟ ಹಾಕುವ ಅಡುಗೆಮನೆಯ) ಪಾತ್ರೆಗಳನ್ನು ಅದರಲ್ಲೇ ಇಳಿಸಿ ಬೇಯಿಸುತ್ತಾರೆ. ಪುತ್ತೂರಿನ ಬಳಿ ಇರ್ದೆಯ ಬೆಚ್ಚನೆ ನೀರಿನ ಬೆಂದ್ರ್ ತೀರ್ಥ ನೋಡಿದವರು ಆ ಹದದ ನೀರು ಎಂದುಕೊಂಡು ಇಲ್ಲಿ ಕೈ ಹಾಕಬಾರದು, ಬೊಬ್ಬೆ ಏಳುತ್ತದೆ. ಸ್ನಾನಕ್ಕೆ ತಣ್ಣೀರು ಬೆರೆಸಿದ ಕೊಳ ಬೇರೆ ಇದೆ. ಭಕ್ತರು ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬುಗ್ಗೆಗೆ ಇಳಿಬಿಡುವುದೂ ಉಂಟು. ನಿಮಗೂ ಆಸೆಯಿದ್ದರೆ ಬೆಳ್ತಿಗೆ ಅಕ್ಕಿಯೇ ಸರಿ. ಸುಮಾರು 1,760 ಮೀಟರ್ ಎತ್ತರದಲ್ಲಿ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ಕುಚ್ಚಲಕ್ಕಿ ಬೇಗ ಬೇಯದೆ ಸತಾಯಿಸುತ್ತದೆ.

ಮನಾಲಿಯಿಂದ ಸುಮಾರು 3 ಕಿ.ಮೀ. ದೂರದ ವಶಿಷ್ಠದಲ್ಲಿ ದೇವಸ್ಥಾನದ ಪಕ್ಕದಲ್ಲೇ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕಲ್ಲಿನ ಕುಂಡಗಳಿವೆ. ಗಂಧಕದ ವಾಸನೆ ಇರುತ್ತದೆ. ಸ್ನಾನಕ್ಕಾದರೆ ವಶಿಷ್ಠ, ನೋಡುವುದಕ್ಕಾದರೆ ಮಣಿಕರಣ್ ಎಂಬುದು ನಮ್ಮ ಅಭಿಪ್ರಾಯ.

ಮಂಗಳಾ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್, ಉಡುಪಿ ಎರಡೂ ಕಡೆ ನಿಲ್ಲುತ್ತದೆ, ದೆಹಲಿಯ ನಿಜಾಮುದ್ದೀನ್‌ವರೆಗೆ ಎರಡು ರಾತ್ರಿಯ ಪ್ರಯಾಣ. ದೆಹಲಿಯಿಂದ ಮನಾಲಿಗೆ ರಾತ್ರಿ ಬಸ್. ಮಣಿಕರಣ್‌ಗೆ ಹೋಗುವವರು ಭುಂತರ್‌ನಲ್ಲಿ ಇಳಿದರೆ ಅಲ್ಲಿಂದ ಸುಮಾರು 35 ಕಿ.ಮೀ. ಜುಲೈ, ಆಗಸ್ಟ್ ಬೇಡ, ಗುಡ್ಡ ಜರಿದು ರಸ್ತೆ ಬಂದ್ ಆಗುತ್ತದೆ. ದಸರಾ ರಜೆ ಒಳ್ಳೆಯ ಸಮಯ.

ಬಸ್ಸಿನಿಂದ ಇಳಿದವರೇ ನೇರ ಕುಂಡಕ್ಕೆ ಹೋಗಬೇಡಿ. ನಿದ್ದೆಯಿಲ್ಲ, ಹೊಟ್ಟೆ ಖಾಲಿ, ದಾರಿಯಲ್ಲಿ ನೀರು ಕುಡಿದಿರುವುದಿಲ್ಲ; ತಲೆ ತಿರುಗುವುದು ಇಂಥವರಿಗೇ. ಒಂದು ರಾತ್ರಿ ಮಲಗಿ, ಬೆಳಿಗ್ಗೆ ಜನ ಸೇರುವ ಮುಂಚೆ ಹೋಗಿ. ಎರಡು ಲೋಟ ನೀರು ಕುಡಿದು, ಸ್ವಲ್ಪ ತಿಂಡಿ ತಿಂದು ಅರ್ಧ ಗಂಟೆ ಬಿಟ್ಟು ಹೊರಡಿ. ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಲೇಬಾರದು. ನೀರು ಕೆಡುತ್ತದೆ, ಕಲ್ಲು ಜಾರುತ್ತದೆ, ಹಿಂದೆ ಬರುವ ಅಜ್ಜಿಯ ಸೊಂಟ ಮುರಿಯುತ್ತದೆ. ಸೋಪು, ಶಾಂಪೂ ಕುಂಡದ ಹೊರಗೆ, ನಳ್ಳಿಯ ಹತ್ತಿರ.

ಬಿಸಿಯನ್ನು ಪಾದದಿಂದ ಅಳೆಯಬೇಡಿ, ಅಂಗಾಲಿನ ಚರ್ಮ ದಪ್ಪ. ಮೊಣಕೈ ಅದ್ದಿ ನೋಡಿ. ಅರ್ಧ ನಿಮಿಷ ಇಡಲಾಗದಿದ್ದರೆ ಇಳಿಯಬೇಡಿ. ಥರ್ಮಾಮೀಟರ್ ಇದ್ದರೆ 40 ಡಿಗ್ರಿ ಮಿತಿ. ಮೆಟ್ಟಿಲ ಮೇಲೆ ಕೂತು ಮೊದಲು ಕಾಲು, ಎರಡು ನಿಮಿಷ ಬಿಟ್ಟು ಸೊಂಟದವರೆಗೆ. ಮೊದಲ ಸುತ್ತಿನಲ್ಲಿ ನೀರು ಎದೆಗಿಂತ ಮೇಲೆ ಬರದಿರಲಿ. 5 ನಿಮಿಷಕ್ಕೆ ಮೇಲೆ ಬಂದು ಮೈ ಆರಿದ ಮೇಲೆ ಇನ್ನೊಂದು ಸುತ್ತು. ಒಟ್ಟು 15 ನಿಮಿಷ ಸಾಕು. ಏಳುವಾಗ ಗಡಿಬಿಡಿ ಬೇಡ. ಬಿಸಿಗೆ ರಕ್ತನಾಳ ಹಿಗ್ಗಿರುವುದರಿಂದ ಎದ್ದ ತಕ್ಷಣ ಬಿಪಿ ಇಳಿದು ಕಣ್ಣು ಕತ್ತಲೆಯಾಗುತ್ತದೆ. ಮೇಲಿನ ಮೆಟ್ಟಿಲಲ್ಲಿ ಒಂದು ನಿಮಿಷ ಕೂತು ಏಳಿ.

ತಲೆ ಮುಳುಗಿಸಬೇಡಿ. ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋಗುತ್ತದೆ, ಪಕ್ಕದ ಕೇರಳದಲ್ಲಿ ಸುದ್ದಿಯಾದ ರೋಗ ಇದೇ. ಬಲು ಅಪರೂಪ, ಆದರೆ ಬಂದರೆ ಬದುಕುವವರು ತೀರ ಕಡಿಮೆ. ಮೂರು ಮುಳುಗು ಹಾಕದೆ ಸ್ನಾನ ಪೂರ್ತಿಯಾಗದು ಎನ್ನುವ ಹಿರಿಯರಿಗೆ ಚೊಂಬಿನಲ್ಲಿ ಹೆಗಲಿಗೆ ಹೊಯ್ದು ಕೊಡಿ. ಬಸುರಿಯರು, ಹೃದಯದ ತೊಂದರೆಯವರು, ಕುಡಿದವರು ಇಳಿಯಬಾರದು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೇ ಗೊತ್ತಾಗದು. ಅವರ ಪರವಾಗಿ ಬೇರೆಯವರು ನೀರು ಮುಟ್ಟಿ ನೋಡಬೇಕು.

ಒರೆಸಿಕೊಳ್ಳಲು ಬೈರಾಸು ಎರಡು ಒಯ್ಯಿರಿ. ದಪ್ಪ ಟವೆಲು ಆ ಚಳಿಯಲ್ಲಿ ಮರುದಿನವೂ ಚಂಡಿಯಾಗಿರುತ್ತದೆ. ಹೊರಬಂದ ಕೂಡಲೇ ಚಂಡಿ ಬಟ್ಟೆ ಬದಲಿಸಿ, ಕಿವಿ ಮುಚ್ಚುವ ಟೊಪ್ಪಿ ಹಾಕಿ. ಹೆಂಗಸರು ಉದ್ದ ಕುರ್ತಾ, ಲೆಗ್ಗಿಂಗ್ಸ್ ಒಂದು ಜೊತೆ ಹೆಚ್ಚು ಇಟ್ಟುಕೊಳ್ಳಿ. ಕುಂಡದೊಳಗೆ ಮೊಬೈಲ್ ತೆಗೆಯುವುದು ಬೇಡವೇ ಬೇಡ. ಗುರುದ್ವಾರದಲ್ಲಿ ತಲೆ ಮುಚ್ಚಿಕೊಂಡಿರಬೇಕು.

ಕಾಲುಂಗುರ, ಬೆಳ್ಳಿ ಉಡಿದಾರ ರೂಮಿನಲ್ಲೇ ಬಿಚ್ಚಿಡಿ, ಗಂಧಕ ತಾಗಿದರೆ ಕಪ್ಪಾಗುತ್ತದೆ. ಆಗಿಬಿಟ್ಟರೆ ಗಾಬರಿ ಬೇಡ. ಬೋಗುಣಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಒಂದು ದೊಡ್ಡ ಚಮಚ ಅಡುಗೆ ಸೋಡಾ ಉದುರಿಸಿ ಕುದಿನೀರು ಹೊಯ್ದರೆ ಕೆಲವು ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಹರಳು, ಮುತ್ತು ಕೂರಿಸಿದ ಒಡವೆಗೆ ಈ ಉಪಾಯ ಬೇಡ.